ಎಂಟನೇ ತರಗತಿಯ ಮಗಳು ರಾತ್ರಿ ಊಟ ಬಿಟ್ಟಿದ್ದಾಳೆ: ತೂಕ ಇಳಿಸುವ ಸರಿಯಾದ ದಾರಿ ಯಾವುದು?

ಬಯಲುಸೀಮೆಯವ

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ನನ್ನ ಮಗಳು ಎಂಟನೇ ತರಗತಿಯಲ್ಲಿ ಓದುತ್ತಿದ್ದಾಳೆ. ವಯಸ್ಸು 13, ಎತ್ತರ 150 ಸೆಂಟಿಮೀಟರ್, ತೂಕ 58 ಕಿಲೋ. ದೊಡ್ಡವಳಾಗಿ ಒಂದು ವರ್ಷವಾಯಿತು. ಕಳೆದ ತಿಂಗಳು ಬಂಧುಗಳ ಮದುವೆಯಲ್ಲಿ ಯಾರೋ ಅವಳ ಗಾತ್ರದ ಬಗ್ಗೆ ಎಲ್ಲರೆದುರು ಮಾತನಾಡಿದರು. ಅಂದಿನಿಂದ ಅವಳು ರಾತ್ರಿಯ ಊಟವನ್ನು ಪೂರ್ತಿಯಾಗಿ ಬಿಟ್ಟಿದ್ದಾಳೆ, ಬೆಳಿಗ್ಗೆ ತಿಂಡಿಯನ್ನೂ ಅರ್ಧಕ್ಕೆ ಬಿಟ್ಟು ಏಳುತ್ತಾಳೆ. ಮೊಬೈಲಿನಲ್ಲಿ ನೋಡಿದ ಯಾವುದೋ ವ್ಯಾಯಾಮವನ್ನು ಬಾಗಿಲು ಹಾಕಿಕೊಂಡು ಮಾಡುತ್ತಾಳೆ, ಎರಡು ದಿನ ಮಾಡಿ ಮೈಕೈ ನೋವೆಂದು ನಾಲ್ಕು ದಿನ ಮಲಗುತ್ತಾಳೆ. ಮೊದಲ ವಾರ ಒಂದೂವರೆ ಕಿಲೋ ಇಳಿಯಿತೆಂದು ಸಂತೋಷಪಟ್ಟಳು, ಈಗ ಅದು ಮರಳಿ ಬಂದಿದೆ.

ತಪ್ಪು ನಮ್ಮದೂ ಇದೆ ಎಂದು ಒಪ್ಪಿಕೊಳ್ಳಬೇಕು. ಚಿಕ್ಕವಳಿದ್ದಾಗಿನಿಂದ ಅವಳನ್ನು ಮುದ್ದಿನಿಂದ 'ಡುಮ್ಮಿ' ಎಂದು ಕರೆಯುತ್ತ ಬಂದವನು ನಾನೇ. ತೂಕ ಇಳಿಸಲು ಅವಳಿಗೆ ಏನು ಕೊಡಬೇಕು, ಏನು ಬಿಡಿಸಬೇಕು, ವ್ಯಾಯಾಮವನ್ನು ಎಲ್ಲಿಂದ ಶುರುಮಾಡಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ಬರೆಯಿರಿ.

ಲೆಕ್ಕದ ಮನುಷ್ಯ

ನೀವು ಕೊಟ್ಟ ಅಂಕಿಗಳಿಂದ ಬಿಎಂಐ, ಅಂದರೆ ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ, 25.8 ಬರುತ್ತದೆ. 25 ದಾಟಿದರೆ ಹೆಚ್ಚು ತೂಕ, 30 ದಾಟಿದರೆ ಬೊಜ್ಜು ಎಂದು ಓದಿದ್ದೇನೆ. ಆ ಲೆಕ್ಕದಲ್ಲಿ ಇದು ಅಲ್ಪ ಹೆಚ್ಚಳವಷ್ಟೇ, ಇಷ್ಟೊಂದು ಗಾಬರಿ ಬೇಡವೆಂದು ನನಗನಿಸುತ್ತದೆ.

ಮಕ್ಕಳ ವೈದ್ಯೆ, ಮೈಸೂರು

ಲೆಕ್ಕ ಸರಿಯಾಗಿದೆ, ಆದರೆ ಅಳೆದ ಕೋಲು ಬೇರೆಯವರದು. 25 ಮತ್ತು 30 ಎಂಬ ಗಡಿಗಳು ವಯಸ್ಕರಿಗೆ ಸೇರಿದವು. ಬೆಳೆಯುವ ಮಕ್ಕಳ ಬಿಎಂಐ ವಯಸ್ಸಿಗೆ ತಕ್ಕಂತೆ ಬದಲಾಗುವುದರಿಂದ ಅದನ್ನು ಬೆಳವಣಿಗೆಯ ನಕ್ಷೆಯ ಮೇಲೆ ಗುರುತಿಸಿಯೇ ನೋಡಬೇಕು. ಭಾರತೀಯ ಮಕ್ಕಳ ವೈದ್ಯರ ಸಂಘವಾದ ಐಎಪಿ 2015ರಲ್ಲಿ 5ರಿಂದ 18 ವರ್ಷದವರಿಗಾಗಿ ಹುಡುಗ ಹುಡುಗಿಯರಿಗೆ ಬೇರೆ ಬೇರೆ ನಕ್ಷೆಗಳನ್ನು ಕೊಟ್ಟಿದೆ. ಅದರಲ್ಲಿ ಹೆಚ್ಚು ತೂಕಕ್ಕೆ ವಯಸ್ಕರ 23ಕ್ಕೆ, ಬೊಜ್ಜಿಗೆ ವಯಸ್ಕರ 27ಕ್ಕೆ ಸಮನಾದ ಎರಡು ಗೆರೆಗಳಿವೆ. ನಮ್ಮ ದೇಶದವರಲ್ಲಿ ಕಡಿಮೆ ಬಿಎಂಐನಲ್ಲಿಯೇ ಸಕ್ಕರೆ ಕಾಯಿಲೆಯ ಅಪಾಯ ಆರಂಭವಾಗುತ್ತದೆ ಎಂಬ ಕಾರಣಕ್ಕೆ ಈ ಗೆರೆಗಳನ್ನು ಕೆಳಗೆ ಎಳೆಯಲಾಗಿದೆ. ಆದ್ದರಿಂದ ಗಾಬರಿ ಬೇಡ ಎಂಬ ಮಾತನ್ನು ಒಪ್ಪುತ್ತೇನೆ, ಅಲಕ್ಷ್ಯವೂ ಬೇಡ ಎಂದು ಸೇರಿಸುತ್ತೇನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತೂಕ ಇಳಿಸುವುದು ಹೇಗೆ ಎಂದು ತಾವು ಕೇಳಿದ್ದೀರಿ. ಈ ವಯಸ್ಸಿನಲ್ಲಿ ಅನೇಕ ಸಲ ತೂಕ ಇಳಿಯಬೇಕಾದ ಅಗತ್ಯವೇ ಇರುವುದಿಲ್ಲ, ಏರದೆ ನಿಂತರೆ ಸಾಕಾಗುತ್ತದೆ. ದೊಡ್ಡವಳಾಗಿ ಒಂದೇ ವರ್ಷವಾಗಿರುವುದರಿಂದ ನಿಮ್ಮ ಮಗಳಿಗೆ ಇನ್ನೂ ಕೆಲವು ಸೆಂಟಿಮೀಟರ್ ಎತ್ತರ ಬಾಕಿಯಿರುವ ಸಂಭವವಿದೆ. ಅವಳು 155 ಸೆಂಟಿಮೀಟರ್ ಮುಟ್ಟುವಾಗಲೂ ತೂಕ 58 ಕಿಲೋದಲ್ಲಿಯೇ ನಿಂತಿದ್ದರೆ, ಒಂದು ಗ್ರಾಂ ಕೂಡ ಇಳಿಯದೆ ಬಿಎಂಐ 25.8ರಿಂದ 24.1ಕ್ಕೆ ಬರುತ್ತದೆ. ಬೆಳವಣಿಗೆ ಮುಗಿದ ಹದಿನೇಳು ವರ್ಷದ ಹುಡುಗಿಗೆ ಈ ಅನುಕೂಲವಿರುವುದಿಲ್ಲ. ಅವಳ ವಿಷಯದಲ್ಲಿ ವೈದ್ಯರ ನಿಗಾದಲ್ಲಿ ನಿಧಾನವಾಗಿ ಇಳಿಸಬೇಕಾಗಬಹುದು.

ಮೊದಲ ವಾರದಲ್ಲಿ ಇಳಿದ ಒಂದೂವರೆ ಕಿಲೋ ಬಹುಪಾಲು ನೀರು. ಊಟ ಬಿಟ್ಟಾಗ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಶೇಖರವಾಗಿದ್ದ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಖರ್ಚಾಗುತ್ತದೆ, ಅದರೊಡನೆ ಕಟ್ಟಿಕೊಂಡಿದ್ದ ನೀರೂ ಹೋಗುತ್ತದೆ, ಒಂದು ದಿನ ಸರಿಯಾಗಿ ಉಂಡ ಕೂಡಲೇ ಎರಡೂ ಮರಳುತ್ತವೆ. ಮಗು ಇದನ್ನು ತನ್ನ ಸೋಲೆಂದು ತಿಳಿದು ಇನ್ನೊಂದು ಹೊತ್ತಿನ ಊಟವನ್ನೂ ಬಿಡುತ್ತದೆ. ನನಗೆ ಆತಂಕವಿರುವುದು ಇಲ್ಲಿಯೇ.

ಒಮ್ಮೆ ಮಕ್ಕಳ ವೈದ್ಯರಿಗೆ ತೋರಿಸಿ. ರಕ್ತದೊತ್ತಡ, ಹಿಮೋಗ್ಲೋಬಿನ್, ಸಕ್ಕರೆ, ಅಗತ್ಯವೆನಿಸಿದರೆ ಥೈರಾಯ್ಡ್ ನೋಡುತ್ತಾರೆ. ಥೈರಾಯ್ಡ್ ವಿಷಯದಲ್ಲಿ ಒಂದು ಮಾತು: ಎತ್ತರ ಚೆನ್ನಾಗಿ ಬೆಳೆಯುತ್ತಿರುವ ಮಗುವಿನ ತೂಕಕ್ಕೆ ಥೈರಾಯ್ಡ್ ಕಾರಣವಾಗಿರುವುದು ಕಡಿಮೆ. ಕತ್ತಿನ ಹಿಂಭಾಗ ಅಥವಾ ಕಂಕುಳು ಕಪ್ಪಾಗಿ ಮಖಮಲ್ಲಿನಂತೆ ದಪ್ಪವಾಗಿದೆಯೇ ಎಂದೂ ಗಮನಿಸಿ.

ಅಡುಗೆಮನೆ ಅಕ್ಕ

ಡಾಕ್ಟರ್ ಮೇಡಂ, ಕತ್ತಿನ ಕಪ್ಪಿನ ವಿಷಯ ಓದಿ ನನಗೆ ನಾಚಿಕೆಯಾಯಿತು. ನನ್ನ ಮಗನ ಕತ್ತನ್ನು ಕೊಳೆಯೆಂದು ಭಾವಿಸಿ ಎರಡು ವರ್ಷ ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ಉಜ್ಜಿದ್ದೇನೆ. ಅವನು ಅಳುತ್ತಿದ್ದ. ಅದು ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬುದರ ಗುರುತೆಂದು ಆಮೇಲೆ ತಿಳಿಯಿತು.

ಹಳೆಯ ತಲೆ

ನಮ್ಮ ಕಾಲದಲ್ಲಿ ಇವೆಲ್ಲ ಇರಲಿಲ್ಲ. ಏಕಾದಶಿಗೆ ಉಪವಾಸವಿರುತ್ತಿದ್ದೆವು, ಬೆಳಿಗ್ಗೆ ಬಿಸಿನೀರಿಗೆ ಜೇನು ನಿಂಬೆರಸ ಹಾಕಿ ಕುಡಿಯುತ್ತಿದ್ದೆವು, ಅನ್ನ ಬಿಟ್ಟು ಮುದ್ದೆ ಉಣ್ಣುತ್ತಿದ್ದೆವು. ಒಬ್ಬರಾದರೂ ದಪ್ಪಗಿರಲಿಲ್ಲ. ಮಗುವಿಗೆ ವಾರಕ್ಕೊಂದು ದಿನ ಉಪವಾಸ ಮಾಡಿಸಿ, ಅನ್ನ ನಿಲ್ಲಿಸಿ ಮುದ್ದೆ ಕೊಡಿ.

ಅಡುಗೆಮನೆ ಅಕ್ಕ

ಹಿರಿಯರೇ, ತಾವು ಉಂಡ ಮುದ್ದೆಯ ಹಿಂದೆ ಹೊಲದ ಕೆಲಸವಿತ್ತು, ಶಾಲೆಗೆ ಎರಡು ಮೈಲಿ ನಡಿಗೆಯಿತ್ತು. ರಾಗಿಹಿಟ್ಟಿಗೂ ಅಕ್ಕಿಗೂ ಸಮ ತೂಕದಲ್ಲಿ ಹೆಚ್ಚು ಕಡಿಮೆ ಒಂದೇ ಶಕ್ತಿಯಿದೆ. ರಾಗಿಯಲ್ಲಿ ನಾರು ಹೆಚ್ಚು, 100 ಗ್ರಾಂನಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶವಿದೆ, ಮೂಳೆ ಬಲಿಯುವ ವಯಸ್ಸಿಗೆ ಅದು ಒಳ್ಳೆಯದು. ಆ ಕಾರಣಕ್ಕೆ ಧಾರಾಳವಾಗಿ ಉಣ್ಣಲಿ. ಆದರೆ ಎರಡು ದೊಡ್ಡ ಮುದ್ದೆಯನ್ನು ತೂಕದ ಔಷಧಿಯೆಂದು ನುಂಗಿದರೆ ಫಲವಿಲ್ಲ. ಜೇನೂ ಸಕ್ಕರೆಯೇ, ಬಿಸಿನೀರಿನಲ್ಲಿ ಕರಗಿದ ಮಾತ್ರಕ್ಕೆ ಅದು ಕೊಬ್ಬನ್ನು ಕರಗಿಸುವುದಿಲ್ಲ.

ಬಯಲುಸೀಮೆಯ ಅಣ್ಣನವರೇ, ನನ್ನ ಮನೆಯಲ್ಲಿ ಏನು ಬದಲಾಯಿತೆಂದು ಹೇಳುತ್ತೇನೆ. ಮಗನಿಗೆ ಬೇರೆ ಅಡುಗೆ ಮಾಡುವುದನ್ನು ಒಂದು ವಾರದಲ್ಲಿಯೇ ಕೈಬಿಟ್ಟೆ. ಅವನ ತಟ್ಟೆಯಲ್ಲಿ ಸೌತೆಕಾಯಿ, ನಮ್ಮ ತಟ್ಟೆಯಲ್ಲಿ ಬೋಂಡಾ ಎಂದರೆ ಯಾವ ಮಗು ಸಹಿಸುತ್ತದೆ? ಆಮೇಲೆ ಎಣ್ಣೆಯ ಲೆಕ್ಕ ಹಿಡಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ 2000 ಕಿಲೋ ಕ್ಯಾಲೊರಿಗೆ 27 ಗ್ರಾಂ ಎಣ್ಣೆ ಕೊಬ್ಬು ಇದೆ. ನಾಲ್ವರ ಮನೆಗೆ ತಿಂಗಳಿಗೆ ಗುಣಿಸಿದರೆ ಸುಮಾರು ಮೂರೂವರೆ ಲೀಟರ್ ಆಯಿತು. ನಾನು ಆರು ಲೀಟರ್ ತರುತ್ತಿದ್ದೆ! ಯಾರನ್ನೂ ದೂರದೆ, ಯಾರಿಗೂ ಹೇಳದೆ, ಕ್ಯಾನಿನಿಂದ ನೇರವಾಗಿ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಹಾಕತೊಡಗಿದೆ. ಒಗ್ಗರಣೆಯ ರುಚಿ ಕೆಟ್ಟಿತೆಂದು ಇಂದಿಗೂ ಯಾರೂ ಹೇಳಿಲ್ಲ.

ಬೆಳಗಿನ ತಿಂಡಿಯನ್ನು ಬಿಡಿಸಬೇಡಿ, ಅದಕ್ಕೆ ಬಲ ತುಂಬಿರಿ. ಬರೀ ಚಿತ್ರಾನ್ನ ತಿಂದ ಮಗುವಿಗೆ ಹನ್ನೊಂದು ಗಂಟೆಗೆ ಹಸಿವಾಗುತ್ತದೆ, ಆಗ ಬೇಕರಿಯ ಪಫ್ಸ್ ಕಣ್ಣಿಗೆ ಬೀಳುತ್ತದೆ. ಅದೇ ಚಿತ್ರಾನ್ನವನ್ನು ಸ್ವಲ್ಪ ಕಡಿಮೆ ಮಾಡಿ, ಪಕ್ಕದಲ್ಲಿ ಒಂದು ಬಟ್ಟಲು ಹೆಸರುಬೇಳೆ ಕೋಸಂಬರಿ ಅಥವಾ ಒಂದು ಬೇಯಿಸಿದ ಮೊಟ್ಟೆ ಇಟ್ಟರೆ ಮಧ್ಯಾಹ್ನದವರೆಗೆ ತಡೆಯುತ್ತದೆ. ಉಪ್ಪಿಟ್ಟಿಗೆ ರವೆಯಷ್ಟೇ ತರಕಾರಿ ಹಾಕಿ. ಹುರುಳಿಕಾಳು, ಅವರೆಕಾಳು, ಮೊಳಕೆ ಹೆಸರುಕಾಳಿನ ಸಾರು ವಾರಕ್ಕೆ ನಾಲ್ಕು ದಿನವಾದರೂ ಇರಲಿ. ಸಂಜೆ ಟ್ಯೂಷನ್ನಿಗೆ ಹೋಗುವಾಗ ಕೈಗೆ ಹತ್ತು ರೂಪಾಯಿ ಕೊಡುವ ಬದಲು ಹುರಿಗಡಲೆ, ಬಾಳೆಹಣ್ಣು ಕೊಡಿ. ಬಾಟಲಿಯ ತಂಪು ಪಾನೀಯವೊಂದನ್ನು ಮಾತ್ರ ನಾನು ಮನೆಯೊಳಗೆ ತರುವುದನ್ನೇ ನಿಲ್ಲಿಸಿದೆ. 250 ಮಿಲಿಲೀಟರಿನ ಒಂದು ಬಾಟಲಿಯಲ್ಲಿ ಸುಮಾರು 25 ಗ್ರಾಂ ಸಕ್ಕರೆಯಿರುತ್ತದೆ, ಅಂದರೆ ಐದು ಚಮಚ. ಮಜ್ಜಿಗೆಗೆ ಇಂಗು, ಕರಿಬೇವು ಹಾಕಿ ಫ್ರಿಜ್ಜಿನಲ್ಲಿಟ್ಟರೆ ಅದೇ ಖಾಲಿಯಾಗುತ್ತದೆ.

ಫಿಟ್‌ನೆಸ್ ಮಿತ್ರ

[ಈ ಬರಹವನ್ನು ತೆಗೆದುಹಾಕಲಾಗಿದೆ.]

ನಿರ್ವಾಹಕ

ತೂಕ ಇಳಿಸುವ ಪುಡಿ, ಶೇಕ್, ಮಾತ್ರೆಗಳ ಮಾರಾಟದ ಬರಹಗಳಿಗೆ ಇಲ್ಲಿ ಅವಕಾಶವಿಲ್ಲ. ದಿನಕ್ಕೆ ಇಷ್ಟೇ ಕ್ಯಾಲೊರಿ ತಿನ್ನಬೇಕೆಂಬ ಗುರಿಗಳನ್ನು ಮಕ್ಕಳ ವಿಷಯದ ಚರ್ಚೆಯಲ್ಲಿ ಬರೆಯಬಾರದೆಂದು ಎಲ್ಲರಲ್ಲಿಯೂ ವಿನಂತಿ. ಓದುತ್ತಿರುವವರಲ್ಲಿ ಹದಿನಾಲ್ಕು ಹದಿನೈದರ ಮಕ್ಕಳೂ ಇದ್ದಾರೆ.

ಎರಡನೇ ಪಿಯು ಹುಡುಗ

ಆ ಪುಡಿಯನ್ನು ಕುಡಿದವನು ನಾನು, ಅದಕ್ಕಾಗಿ ಬರೆಯುತ್ತಿದ್ದೇನೆ. ಎಸೆಸೆಲ್ಸಿ ಪರೀಕ್ಷೆಯ ವರ್ಷ ಕುಳಿತೇ ಓದಿದ್ದರಿಂದ ಬಹಳ ದಪ್ಪಗಾಗಿದ್ದೆ. ಕಾಲೇಜು ಸೇರಿದ ಮೇಲೆ ನಮ್ಮೂರಿನ ಒಂದು ಜಿಮ್ಮಿನಲ್ಲಿ ರಾತ್ರಿಯ ಊಟದ ಬದಲು ಪುಡಿ ಕುಡಿಯುವಂತೆ ಹೇಳಿದರು, ಮೊದಲ ದಿನವೇ ಟ್ರೆಡ್‌ಮಿಲ್ ಮೇಲೆ ನಲವತ್ತು ನಿಮಿಷ ಓಡಿಸಿದರು. ಎರಡು ತಿಂಗಳಲ್ಲಿ ಒಂಬತ್ತು ಕಿಲೋ ಇಳಿದದ್ದು ನಿಜ. ಮೂರನೆಯ ತಿಂಗಳು ತಲೆ ಬಾಚಿದರೆ ಹಿಡಿಯಷ್ಟು ಕೂದಲು ಬರತೊಡಗಿತು. ಒಂದು ದಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ನಿಂತಲ್ಲಿಯೇ ಕುಸಿದೆ. ಪುಡಿ ನಿಲ್ಲಿಸಿದ ಆರು ತಿಂಗಳಲ್ಲಿ ಹನ್ನೊಂದು ಕಿಲೋ ಏರಿತು.

ಅಂಕಲ್, ನಿಮ್ಮ ಮಗಳಿಗೆ ಒಂದು ವಿಷಯ ಹೇಳಿ. ಬಾಗಿಲು ಹಾಕಿಕೊಂಡು ವ್ಯಾಯಾಮ ಮಾಡಬೇಕೆನಿಸುವುದು ಯಾರಾದರೂ ನೋಡಿ ನಗುತ್ತಾರೆಂಬ ಭಯದಿಂದ. ನಾನೂ ಹಾಗೆಯೇ ಇದ್ದೆ. ಬೆಳಿಗ್ಗೆ ಐದೂವರೆಗೆ ಮೈದಾನಕ್ಕೆ ಹೋದರೆ ಅಲ್ಲಿರುವವರೆಲ್ಲ ಮಂಡಿ ನೋವಿನ ಅಜ್ಜಂದಿರು, ಅವರು ಯಾರನ್ನೂ ನೋಡಿ ನಗುವುದಿಲ್ಲ, ಬದಲಿಗೆ ನಾಲ್ಕು ದಿನ ಹೋಗದಿದ್ದರೆ ಎಲ್ಲಿ ಹೋಗಿದ್ದೆ ಎಂದು ಕೇಳುತ್ತಾರೆ.

ಪಿಟಿ ಮೇಷ್ಟ್ರು

ಇಪ್ಪತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿ ಕೆಲಸ ಮಾಡಿದ ಅನುಭವದಿಂದ ಬರೆಯುತ್ತಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಂಥ ಚಟುವಟಿಕೆ ಬೇಕು, ವಾರದಲ್ಲಿ ಮೂರು ದಿನವಾದರೂ ಸ್ನಾಯು ಮತ್ತು ಮೂಳೆ ಬಲಿಯುವಂಥ ಕೆಲಸ ಅದರಲ್ಲಿರಬೇಕು. ಶಾಲೆಯ ಪಿಟಿ ಅವಧಿಯಿಂದಲೇ ಇದರ ಒಂದು ಪಾಲು ಬರಬೇಕಿತ್ತು. ಆದರೆ ಎಂಟನೇ ತರಗತಿಯ ನಂತರ ನನ್ನ ಅವಧಿಯನ್ನು ಗಣಿತದವರೋ ವಿಜ್ಞಾನದವರೋ ಸಾಲ ಕೇಳುತ್ತಾರೆ, ಆ ಸಾಲ ತೀರಿದ್ದನ್ನು ನಾನು ಕಂಡಿಲ್ಲ.

ಅರವತ್ತು ನಿಮಿಷವೆಂಬುದು ಗುರಿ, ಮೊದಲ ದಿನದ ಪಾಠವಲ್ಲ. ಇಷ್ಟು ದಿನ ಕುಳಿತಿದ್ದ ಮಗು ಮೊದಲ ಎರಡು ವಾರ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಬಿರುಸಾಗಿ ನಡೆದರೆ ಸಾಕು. ಬಿರುಸು ಎಂದರೆ ಎಷ್ಟು? ನಡೆಯುತ್ತ ಮಾತನಾಡಲು ಬರಬೇಕು, ಹಾಡಲು ಬರಬಾರದು. ಮೂರನೆಯ ವಾರದಿಂದ ನಡಿಗೆಯ ನಡುವೆ ಒಂದು ನಿಮಿಷ ಮೆಲ್ಲಗೆ ಓಡಲಿ, ಎರಡು ನಿಮಿಷ ನಡೆಯಲಿ, ಹೀಗೆ ಐದಾರು ಸಲ. ಎರಡು ವಾರಕ್ಕೊಮ್ಮೆ ಓಟವನ್ನು ಅರ್ಧ ನಿಮಿಷ ಹೆಚ್ಚಿಸುತ್ತ ಹೋದರೆ ಮೂರು ನಾಲ್ಕು ತಿಂಗಳಿಗೆ ಮೈದಾನವನ್ನು ಕೆಲವು ಸುತ್ತು ನಿಲ್ಲದೆ ಓಡಬಲ್ಲಳು. ಓಟದ ವೇಗವನ್ನು ಕೇಳಬೇಡಿ. ಬಹುತೇಕ ಮಕ್ಕಳು ಬಿಡುವುದು ಮೊದಲ ಸುತ್ತಿನಲ್ಲಿಯೇ ಕುದುರೆಯಂತೆ ಓಡಿ ಎದೆ ಉರಿಸಿಕೊಂಡದ್ದರಿಂದ.

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು ಕೊಟ್ಟು, ಬಲದ ವ್ಯಾಯಾಮ ಮಾಡಿಸಿ. ಇದಕ್ಕೆ ಜಿಮ್ಮು ಬೇಡ, ಗರಡಿಯವರ ಬಸ್ಕಿ ಮತ್ತು ದಂಡ ಸಾಕು. ನಮ್ಮ ಶಾಲೆಗಳು ಬಸ್ಕಿಯನ್ನು ಶಿಕ್ಷೆಯಾಗಿ ಬಳಸಿ ಒಂದು ಒಳ್ಳೆಯ ವ್ಯಾಯಾಮದ ಹೆಸರು ಕೆಡಿಸಿವೆ, ಆ ಪಾಪದಲ್ಲಿ ನನ್ನದೂ ಪಾಲಿದೆ. ಹಿಂದೆ ಒಂದು ಕುರ್ಚಿಯಿಟ್ಟು, ಅದಕ್ಕೆ ತಾಗಿದ ಕೂಡಲೇ ಏಳುವಂತೆ ಎಂಟು ಬಸ್ಕಿ ಮಾಡಲಿ. ಮಂಡಿಗಳು ಒಳಕ್ಕೆ ಬಾಗದಂತೆ ಎದುರು ನಿಂತು ನೋಡಿ. ದಂಡವನ್ನು ನೆಲದ ಮೇಲೆ ಆರಂಭಿಸಿದರೆ ಒಂದೂ ಬರುವುದಿಲ್ಲ, ಮನಸ್ಸು ಕುಗ್ಗುತ್ತದೆ. ಮೊದಲು ಗೋಡೆಗೆ ಕೈಯೂರಿ ಮಾಡಲಿ, ಅದು ಹನ್ನೆರಡು ಸುಲಭವಾದ ಮೇಲೆ ಕಟ್ಟೆಯ ಅಂಚಿಗೆ, ಆಮೇಲೆ ನೆಲಕ್ಕೆ ಇಳಿಯಲಿ. ಸೂರ್ಯ ನಮಸ್ಕಾರ ಬರುವುದಾದರೆ ನಾಲ್ಕನ್ನು ಉಸಿರಿನ ಲಯದಲ್ಲಿ ನಿಧಾನವಾಗಿ ಮಾಡಲಿ, ನೂರೆಂಟರ ಸ್ಪರ್ಧೆ ಬೇಡ. ಹಗ್ಗದಾಟ ಮೂಳೆಗೆ ಒಳ್ಳೆಯದು, ಆದರೆ ತೂಕ ಹೆಚ್ಚಿರುವಾಗ ಸಿಮೆಂಟಿನ ತಾರಸಿಯ ಮೇಲೆ ಬೇಡ, ಮಣ್ಣಿನ ನೆಲದಲ್ಲಿ ಇಪ್ಪತ್ತಿಪ್ಪತ್ತರಂತೆ ಸಾಕು.

ಭಾರ ಎತ್ತಿದರೆ ಎತ್ತರ ನಿಲ್ಲುತ್ತದೆ ಎಂಬ ಮಾತನ್ನು ಪೋಷಕರು ಇಂದಿಗೂ ನನ್ನ ಬಳಿ ಹೇಳುತ್ತಾರೆ. ತಿಳಿದವರ ಎದುರಿನಲ್ಲಿ ಕ್ರಮವಾಗಿ ಮಾಡಿದ ಬಲದ ವ್ಯಾಯಾಮದಿಂದ ಬೆಳವಣಿಗೆ ಕುಂಠಿತವಾಗುವುದಿಲ್ಲ. ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬೇ ಕರಗುತ್ತದೆ ಎಂಬುದೂ ಸುಳ್ಳು; ಕೊಬ್ಬು ಎಲ್ಲಿಂದ ಕರಗಬೇಕೆಂದು ನಾವು ಆರಿಸಲಾಗದು.

ಮಕ್ಕಳ ವೈದ್ಯೆ, ಮೈಸೂರು

ಮೇಷ್ಟ್ರ ಮಾತಿಗೆ ಎರಡು ಎಚ್ಚರಿಕೆ ಸೇರಿಸುತ್ತೇನೆ. ವ್ಯಾಯಾಮದ ಮರುದಿನ ಮಾಂಸಖಂಡ ನೋಯುವುದು ಸಹಜ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಆದರೆ ತೂಕ ಹೆಚ್ಚಿರುವ ಹದಿಹರೆಯದ ಮಗು ಸೊಂಟದ ಸಂದು, ತೊಡೆ ಅಥವಾ ಮಂಡಿ ನೋವೆಂದು ಕುಂಟತೊಡಗಿದರೆ ಎಣ್ಣೆ ತಿಕ್ಕಿ ಕಾಯಬಾರದು. ತೊಡೆಮೂಳೆಯ ಮೇಲ್ತುದಿಯ ಬೆಳವಣಿಗೆಯ ಭಾಗ ಜಾರಿರುವ ಸಾಧ್ಯತೆಯಿರುತ್ತದೆ, ಸೊಂಟದ ತೊಂದರೆಯಾದರೂ ನೋವು ಮಂಡಿಯಲ್ಲಿ ಕಾಣಿಸಿ ದಾರಿ ತಪ್ಪಿಸುತ್ತದೆ. ಅಂಥ ಮಗುವನ್ನು ನಡೆಸದೆ ಅಂದೇ ಆಸ್ಪತ್ರೆಗೆ ಕರೆತನ್ನಿ.

ಎರಡನೆಯದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59ರಷ್ಟು ಮಂದಿಗೆ ರಕ್ತಹೀನತೆಯಿತ್ತು. ದಪ್ಪಗಿರುವ ಮಗುವಿಗೆ ರಕ್ತ ಕಡಿಮೆಯಿರಲಾರದು ಎಂಬ ಭಾವನೆ ತಪ್ಪು. ನಾಲ್ಕು ಹೆಜ್ಜೆ ಓಡಿದರೆ ಏದುಸಿರು ಬಿಡುವ ಹುಡುಗಿಯನ್ನು ಸೋಮಾರಿ ಎನ್ನುವ ಮೊದಲು ಹಿಮೋಗ್ಲೋಬಿನ್ ನೋಡಿ. ಸರ್ಕಾರಿ ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ಅನೇಕ ಮಕ್ಕಳು ಎಸೆಯುತ್ತಾರೆ. ಊಟದ ನಂತರ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆಯಾಗುತ್ತದೆ.

ಊಟವಾದ ಕೂಡಲೇ ಬಚ್ಚಲಿಗೆ ಹೋಗಿ ವಾಂತಿ ಮಾಡುವುದು, ತಿಂಡಿಯನ್ನು ಬಚ್ಚಿಟ್ಟು ಒಂದೇ ಸಲ ತಿನ್ನುವುದು, ಮೂರು ತಿಂಗಳು ಮುಟ್ಟು ನಿಲ್ಲುವುದು, ತಲೆಸುತ್ತಿ ಬೀಳುವುದು, ದಿನಕ್ಕೆ ನಾಲ್ಕು ಸಲ ತೂಕ ನೋಡುವುದು ಕಂಡುಬಂದರೆ ತೂಕದ ಮಾತನ್ನು ಬದಿಗಿಟ್ಟು ಮೊದಲು ಅದಕ್ಕೆ ಚಿಕಿತ್ಸೆ ಕೊಡಿಸಬೇಕು. 14416 ಸಂಖ್ಯೆಯ ಟೆಲಿ ಮಾನಸ್ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಅಮ್ಮನ ಮಾತು

ಇಲ್ಲಿ ಗಂಡಸರೇ ಹೆಚ್ಚು ಬರೆಯುತ್ತಿರುವುದರಿಂದ ಯಾರೂ ಹೇಳದ ವಿಷಯವನ್ನು ಹೇಳುತ್ತೇನೆ. ಈ ವಯಸ್ಸಿನ ಹುಡುಗಿಯರು ಓಡಲು ಹಿಂಜರಿಯುವುದಕ್ಕೆ ಅರ್ಧ ಕಾರಣ ಬಟ್ಟೆ. ಓಟಕ್ಕೆ ತಕ್ಕ ಬಿಗಿಯಾದ ಒಳ ಉಡುಪು ಇಲ್ಲದಿದ್ದರೆ ಅವಳು ದುಪಟ್ಟಾ ಹಿಡಿದುಕೊಂಡೇ ನಡೆಯುತ್ತಾಳೆ. ತೊಡೆಗಳು ಉಜ್ಜಿ ಹುಣ್ಣಾಗುವುದನ್ನು ಅವಳು ಅಪ್ಪನ ಬಳಿ ಹೇಳುವುದಿಲ್ಲ. ಮಂಡಿಯವರೆಗಿನ ಬಿಗಿ ಚಡ್ಡಿಯೊಂದನ್ನು ಒಳಗೆ ಹಾಕಿದರೆ ಆ ತೊಂದರೆ ತಪ್ಪುತ್ತದೆ. ಮುಟ್ಟಿನ ದಿನಗಳಲ್ಲಿ ಮೈ ಒಗ್ಗಿದರೆ ನಡೆಯಬಹುದು, ಹೊಟ್ಟೆನೋವಿದ್ದರೆ ಬಿಡಬಹುದು, ಎರಡೂ ಅವಳ ಇಚ್ಛೆಗೆ ಬಿಟ್ಟದ್ದು. ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳಿ.

ಲೆಕ್ಕದ ಮನುಷ್ಯ

ನಿದ್ದೆಯ ಬಗ್ಗೆ ಯಾರೂ ಬರೆದಿಲ್ಲ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ ಹನ್ನೆರಡರವರೆಗೆ ಮೊಬೈಲು, ಬೆಳಿಗ್ಗೆ ಆರಕ್ಕೆ ಟ್ಯೂಷನ್ ಎಂದರೆ ಮರುದಿನ ಸಿಹಿ ಬೇಕೆನಿಸದೆ ಇರುತ್ತದೆಯೇ?

ಬಯಲುಸೀಮೆಯವ

ನಾಲ್ಕು ತಿಂಗಳ ನಂತರ ಬರೆಯುತ್ತಿದ್ದೇನೆ. ವೈದ್ಯರಿಗೆ ತೋರಿಸಿದೆವು. ಸಕ್ಕರೆ, ಥೈರಾಯ್ಡ್ ಸರಿಯಿದೆ, ಹಿಮೋಗ್ಲೋಬಿನ್ ಮಾತ್ರ ಕಡಿಮೆ, 10.2 ಇತ್ತು, ಮಾತ್ರೆ ಕೊಟ್ಟಿದ್ದಾರೆ. ಎತ್ತರ 151, ತೂಕ ಮೊದಲಿನ 58 ಕಿಲೋದಲ್ಲಿಯೇ ಇದೆ. ತೂಕದ ಯಂತ್ರವನ್ನು ಅಟ್ಟಕ್ಕೆ ಹಾಕಿದ್ದೇನೆ, ವೈದ್ಯರ ಬಳಿಯೇ ನೋಡುತ್ತೇವೆ. 'ಡುಮ್ಮಿ' ಎನ್ನುವುದನ್ನು ಬಿಟ್ಟಿದ್ದೇನೆ; ಹೊಸ ಮುದ್ದಿನ ಹೆಸರಿನಿಂದ ಕರೆಯಲು ನಾಲಿಗೆ ಒಗ್ಗಲಿಲ್ಲವಾದ್ದರಿಂದ ಶಾಲೆಯ ದಾಖಲೆಯಲ್ಲಿರುವ ಪೂರ್ತಿ ಹೆಸರಿನಿಂದಲೇ ಕರೆಯುತ್ತಿದ್ದೇನೆ, ಮೊದಲ ವಾರ ನಾನು ಕೋಪಗೊಂಡಿದ್ದೇನೆಂದು ಅವಳು ಭಾವಿಸಿದ್ದಳಂತೆ.

ರಾತ್ರಿಯ ಊಟ ಮರಳಿ ಬಂತು, ಅದೂ ನಾವೆಲ್ಲರೂ ಎಂಟು ಗಂಟೆಗೆ ಟಿವಿ ಆರಿಸಿ ಒಟ್ಟಿಗೆ ಕೂರತೊಡಗಿದ ಮೇಲೆ. ಬೆಳಿಗ್ಗೆ ಅವಳೊಡನೆ ನಾನೂ ಮೈದಾನಕ್ಕೆ ಹೋಗುತ್ತೇನೆ. ಈಗ ಅವಳು ನಾಲ್ಕು ನಿಮಿಷ ಓಡುತ್ತಾಳೆ, ನಾನು ಮೂರಕ್ಕೆ ನಿಲ್ಲುತ್ತೇನೆ. ನಡುವೆ ಪರೀಕ್ಷೆಯೆಂದು ಹದಿನೆಂಟು ದಿನ ತಪ್ಪಿತು. ಮೊನ್ನೆ ಅವಳೇ ಬಂದು ಶಾಲೆಯ ಖೊಖೊ ತಂಡಕ್ಕೆ ಹೆಸರು ಕೊಡಲೇ ಎಂದು ಕೇಳಿದಳು. ಮೇಷ್ಟ್ರೇ, ಈ ಮೈಯಲ್ಲಿ ಖೊಖೊ ಆಡಬಹುದೇ?

ಪಿಟಿ ಮೇಷ್ಟ್ರು

ಧಾರಾಳವಾಗಿ ಆಡಲಿ. ಓಡಿ ತಪ್ಪಿಸಿಕೊಳ್ಳುವುದೊಂದೇ ಖೊಖೊ ಎಂದು ಜನ ತಿಳಿದಿದ್ದಾರೆ. ಅಟ್ಟಿಸಿಕೊಂಡು ಹೋಗುವ ತಂಡದಲ್ಲಿ ಎಂಟು ಮಂದಿ ಸಾಲಿನಲ್ಲಿ ಕುಳಿತಿರುತ್ತಾರೆ, ಬೆನ್ನಿಗೆ ಖೋ ಬಿದ್ದ ಕೂಡಲೇ ಕುಕ್ಕುರುಗಾಲಿನಿಂದ ಚಿಮ್ಮಿ ಏಳುವುದೇ ಅಲ್ಲಿ ಮುಖ್ಯ ಕೌಶಲ. ನಾಲ್ಕು ತಿಂಗಳು ಬಸ್ಕಿ ಮಾಡಿದ್ದಾಳಾದರೆ ಏಳುವುದು ಬರುತ್ತದೆ. ಕಂಬದ ಬಳಿ ತಿರುಗುವಾಗ ಪಾದ ಜಾರದಂತೆ ಮೊದಲ ಎರಡು ವಾರ ಅರ್ಧ ವೇಗದಲ್ಲಿ ಅಭ್ಯಾಸ ಮಾಡಿಸುವಂತೆ ಅಲ್ಲಿನ ಶಿಕ್ಷಕರಿಗೆ ಹೇಳಿ, ಮಳೆ ಬಂದು ಅಂಕಣ ಕೆಸರಾದ ದಿನ ಆಡಿಸಬೇಡಿ.